ಎಲ್ಯೂಷನ್‌ನಲ್ಲಿ ಬ್ಯಾಂಡ್ ಇಲ್ಲ: ಪ್ರೊಟೀನ್ ಎಲ್ಲಿ ಹೋಯಿತು ಅಂತ ಹುಡುಕುವ ಬಗೆ

ಧಾರವಾಡದ ನಮ್ಮ ಪ್ರೊಟೀನ್ ಲ್ಯಾಬಿಗೆ ಪ್ರಾಜೆಕ್ಟ್ ಮಾಡಲು ಬರುವ ಎಂಎಸ್ಸಿ ಹುಡುಗರ ದೂರು ಹೆಚ್ಚಾಗಿ ಒಂದೇ. "ಅಕ್ಕಾ, ಕಾಲಂ ಹಾಕಿದೆ, ಎಲ್ಯೂಷನ್ ತಗೊಂಡೆ, ಜೆಲ್ ಓಡಿಸಿದೆ. ಏನೂ ಇಲ್ರೀ." ಎಲ್ಯೂಷನ್ ಎಂದರೆ ಕಾಲಂ ಹಿಡಿದ ಪ್ರೊಟೀನನ್ನು ಬಿಡಿಸಿ ತೆಗೆದ ದ್ರವ; ಜೆಲ್ ಎಂದರೆ ಪ್ರೊಟೀನ್‌ಗಳನ್ನು ಗಾತ್ರದಂತೆ ಬೇರ್ಪಡಿಸಿ ಬ್ಯಾಂಡ್ ಎಂಬ ಗೆರೆಗಳಾಗಿ ತೋರಿಸುವ ಪದರ. ಆ ದೂರಿನ ಹಿಂದೆಯೇ ಬರುವ ಮಾತು: "ರೆಸಿನ್ ಕೆಟ್ಟಿರಬೇಕ್ರೀ. ಹೊಸದು ತರಿಸೋಣೇನು?"

ರೆಸಿನ್, ಅಂದರೆ ಕಾಲಂನೊಳಗೆ ಪ್ರೊಟೀನ್ ಹಿಡಿಯುವ ಮಣಿಗಳು, ದುಬಾರಿ. ಆರ್ಡರ್ ಹಾಕಿ ಬಿಲ್ ಪಾಸಾಗಿ ಬರುವಷ್ಟರಲ್ಲಿ ಸೆಮಿಸ್ಟರ್ ಮುಗಿದಿರುತ್ತದೆ. ಅದಕ್ಕಿಂತ ಮುಖ್ಯವಾಗಿ, ತಪ್ಪು ಬಹಳ ಸಲ ರೆಸಿನ್‌ನದು ಆಗಿರುವುದಿಲ್ಲ. ದೋಷ ಕಣ್ಣಿಗೆ ಬೀಳುವುದು ಕೊನೆಯ ಟ್ಯೂಬಿನಲ್ಲಿ, ಆಗಿರುವುದು ಹಿಂದೆ ಎಲ್ಲೋ. ಪ್ರೊಟೀನ್ ಮಾಯವಾಗುವುದಿಲ್ಲ. ಒಂದೋ ಅದು ತಯಾರೇ ಆಗಿಲ್ಲ, ಇಲ್ಲವೇ ನೀವು ನೋಡದ ಇನ್ನೊಂದು ಟ್ಯೂಬಿನಲ್ಲಿ ಕೂತಿದೆ. ಇ. ಕೋಲೈ ಬ್ಯಾಕ್ಟೀರಿಯಾದಲ್ಲಿ ಹಿಸ್-ಟ್ಯಾಗ್ (ನಿಕಲ್‌ಗೆ ಅಂಟುವ ಹಿಸ್ಟಿಡಿನ್‌ಗಳ ಬಾಲ) ಇರುವ ಪ್ರೊಟೀನ್ ಮಾಡಿಸಿ, ನಿಕಲ್ ಕಾಲಂನಲ್ಲಿ ಹಿಡಿಯುವವರಿಗಾಗಿ ಇದನ್ನು ಬರೆದಿದ್ದೇನೆ.

ಜೆಲ್ ನೋಡುವವರೆಗೆ ಏನನ್ನೂ ಚೆಲ್ಲಬೇಡಿ

ಎಲ್ಯೂಷನ್ ಒಂದನ್ನೇ ಜೆಲ್‌ಗೆ ಹಾಕಿದರೆ ಸಿಗುವ ಉತ್ತರ "ಇದೆ" ಅಥವಾ "ಇಲ್ಲ". ಹುಡುಕಾಟಕ್ಕೆ ಅದು ಸಾಲದು. ಪ್ರತಿ ಹಂತದಲ್ಲೂ 50 ಮೈಕ್ರೋಲೀಟರ್ ತೆಗೆದಿಡಿ. ಹತ್ತು ಬಾವಿಯ ಬಾಚಣಿಗೆಗೆ ಇಡೀ ಕಥೆ ಸರಿಯಾಗಿ ಹಿಡಿಸುತ್ತದೆ: ಮಾರ್ಕರ್ (ಗಾತ್ರ ಗೊತ್ತಿರುವ ಪ್ರೊಟೀನ್‌ಗಳ ಮಿಶ್ರಣ), ಐಪಿಟಿಜಿ (ಪ್ರೊಟೀನ್ ತಯಾರಿ ಶುರು ಮಾಡಿಸುವ ರಾಸಾಯನಿಕ) ಹಾಕುವ ಮುನ್ನ, ಹಾಕಿದ ಮೇಲೆ, ಕೋಶ ಒಡೆದ ಲೈಸೇಟ್, ಅದನ್ನು ತಿರುಗಿಸಿದಾಗ ಮೇಲೆ ಬರುವ ತಿಳಿ (ಸೂಪರ್ನೇಟಂಟ್), ತಳದಲ್ಲಿ ಕೂರುವ ಪೆಲೆಟ್, ಕಾಲಂಗೆ ಅಂಟದೆ ಹರಿದು ಹೋದ ಫ್ಲೋ-ಥ್ರೂ, ವಾಶ್, ಎಲ್ಯೂಷನ್, ಕೊನೆಗೆ ಸ್ಯಾಂಪಲ್ ಬಫರ್‌ನಲ್ಲಿ ಕುದಿಸಿದ ಚೂರು ರೆಸಿನ್.

ಅಳತೆಯ ಬಗ್ಗೆ ಒಂದು ಎಚ್ಚರ. ಲೈಸೇಟ್ 20 ಮಿಲಿಲೀಟರ್ ಇದ್ದರೆ ಪೆಲೆಟ್ಟನ್ನೂ 20 ಮಿಲಿಲೀಟರ್ ಬಫರ್‌ನಲ್ಲೇ ಕಲಸಿ, ಆಮೇಲೆ ಎರಡರಿಂದಲೂ 10 ಮೈಕ್ರೋಲೀಟರ್ ಹಾಕಿ. ಆಗ ಮಾತ್ರ ಎಷ್ಟು ಮೇಲೆ ಬಂತು, ಎಷ್ಟು ಕೆಳಗೆ ಉಳಿಯಿತು ಎಂದು ಹೋಲಿಸಬಹುದು. ಪೆಲೆಟ್ಟನ್ನು ಸುಮ್ನೆ ಕಡ್ಡಿಯಲ್ಲಿ ಕೆರೆದು ಹಾಕಿದರೆ ಲೇನ್ ಕಪ್ಪಗಾಗುತ್ತದೆ, "ಎಲ್ಲಾ ಪೆಲೆಟ್‌ನಲ್ಲೇ ಇದೆ" ಎಂದು ಅನಿಸುತ್ತದೆ. ಐಪಿಟಿಜಿಯ ಹಿಂದಿನ, ಮುಂದಿನ ಸ್ಯಾಂಪಲ್‌ಗಳಿಗೂ ಇದೇ ನ್ಯಾಯ. 1 ಮಿಲಿಲೀಟರ್ ಕಲ್ಚರ್ ತಿರುಗಿಸಿ, ಓಡಿ (ಕಲ್ಚರ್ ಎಷ್ಟು ಬೆಳೆದಿದೆ ಎಂದು ಹೇಳುವ ಮಬ್ಬಿನ ಅಳತೆ) ಎಷ್ಟಿದೆಯೋ ಅದರ ನೂರು ಪಟ್ಟು ಮೈಕ್ರೋಲೀಟರ್ ಸ್ಯಾಂಪಲ್ ಬಫರ್ ಹಾಕಿ. ಓಡಿ 0.6 ಇದ್ದರೆ 60, 3 ಇದ್ದರೆ 300. ಎರಡೂ ಲೇನ್‌ನಲ್ಲಿ ಜೀವಕೋಶಗಳ ಲೆಕ್ಕ ಒಂದೇ ಆಗುತ್ತದೆ.

ಮೊದಲು ಮಾರ್ಕರ್ ಲೇನ್ ನೋಡಿ

ನಮ್ಮ ಮನೆಗೆ ನಳ ಬರಲಿಲ್ಲ ಎಂದರೆ ಮೊದಲು ಪಕ್ಕದ ಮನೆಗೆ ಬಂತಾ ಅಂತ ಕೇಳುತ್ತೇವೆ ಅಲ್ವಾ? ಮಾರ್ಕರ್ ಲೇನ್ ಅದೇ ಪಕ್ಕದ ಮನೆ. ಅದರ ಬ್ಯಾಂಡ್‌ಗಳೂ ಕಾಣದಿದ್ದರೆ ನಿಮ್ಮ ಪ್ರೊಟೀನ್ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ. ದೋಷ ಜೆಲ್‌ನದು, ಬಫರ್‌ನದು ಅಥವಾ ಬಣ್ಣದ್ದು.

ಜೆಲ್‌ನ ವಿಷಯದಲ್ಲಿ ನಮ್ಮೂರ ಹವೆಯ ಪಾತ್ರ ಸಣ್ಣದಲ್ಲ. ಜುಲೈ-ಆಗಸ್ಟ್‌ನ ಜಿಟಿಜಿಟಿ ಮಳೆಯಲ್ಲಿ ಎಪಿಎಸ್ (ಜೆಲ್ ಗಟ್ಟಿಯಾಗಿಸುವ ಪುಡಿ) ಡಬ್ಬಿಯ ಮುಚ್ಚಳ ಸಡಿಲವಿದ್ದರೆ ಅದು ತೇವ ಎಳೆದುಕೊಂಡು ಗಂಟು ಕಟ್ಟುತ್ತದೆ, ಶಕ್ತಿ ಕಳೆದುಕೊಳ್ಳುತ್ತದೆ. ಆಗ ಜೆಲ್ ಗಟ್ಟಿಯೇ ಆಗುವುದಿಲ್ಲ. ಒಳ್ಳೆಯ ಎಪಿಎಸ್‌ಗೆ ನೀರು ಹಾಕಿದಾಗ ಸಣ್ಣಗೆ ಚಟಚಟ ಸದ್ದು ಬರುತ್ತದೆ. ಸದ್ದು ಇಲ್ಲದಿದ್ದರೆ ಹೊಸ ಡಬ್ಬಿ ತೆಗೆಯಿರಿ. 10 ಶೇಕಡಾ ದ್ರಾವಣವನ್ನು ಅಂದಂದೇ ಮಾಡುವುದು ಒಳ್ಳೆಯದು. ಚಳಿಗಾಲದ ಬೆಳಿಗ್ಗೆ ಜೆಲ್ ಕೂರುವುದೇ ನಿಧಾನ. ಅವಸರಕ್ಕೆ ಟೆಮೆಡ್ (ಗಟ್ಟಿಯಾಗುವುದನ್ನು ಚುರುಕುಗೊಳಿಸುವ ದ್ರವ) ಜಾಸ್ತಿ ಸುರಿಯುವ ಬದಲು ಸ್ವಲ್ಪ ಕಾಯಿರಿ. ಏಪ್ರಿಲ್‌ನಲ್ಲಿ ಇದರ ಉಲ್ಟಾ: ಬೀಕರ್‌ನಲ್ಲೇ ಗಟ್ಟಿಯಾಗಿ ಬಿಡುತ್ತದೆ, ಹಾಗಾಗಿ ಅಕ್ರಿಲಮೈಡ್ ಮಿಶ್ರಣವನ್ನು ತಣ್ಣಗೆ ಇಟ್ಟು ಸುರಿಯಿರಿ. ಗಟ್ಟಿಯಾಗದ ಅಕ್ರಿಲಮೈಡ್ ನರಗಳಿಗೆ ವಿಷ, ಕೈಗವಸು ಮರೆಯಬೇಡಿ.

ಎಸ್‌ಡಿಎಸ್ (ಪ್ರೊಟೀನಿನ ಮಡಿಕೆ ಬಿಚ್ಚುವ ಸೋಪಿನಂಥ ರಾಸಾಯನಿಕ) ಬಾಟಲಿಯ ತಳದಲ್ಲಿ ಚಳಿಗೆ ಬಿಳಿ ಹರಳು ಕೂತಿರುತ್ತದೆ. ಮೇಲಿನ ತಿಳಿಯನ್ನೇ ಬಳಸಿದರೆ ಎಸ್‌ಡಿಎಸ್ ಕಡಿಮೆ ಬೀಳುತ್ತದೆ. 37 ಡಿಗ್ರಿಯ ನೀರಿನಲ್ಲಿ ಇಟ್ಟು ಪೂರ್ತಿ ಕರಗಿಸಿ. ಸ್ಯಾಂಪಲ್‌ನಲ್ಲಿ ಪೊಟ್ಯಾಸಿಯಂ ಇದ್ದರೂ ಎಸ್‌ಡಿಎಸ್ ಬಿಳಿಯಾಗಿ ಕೂರುತ್ತದೆ, ಪ್ರೊಟೀನನ್ನೂ ಜೊತೆಗೆ ಎಳೆಯುತ್ತದೆ. ಪೊಟ್ಯಾಸಿಯಂ ಫಾಸ್ಫೇಟ್ ಬಫರ್ ಬಳಸುವವರು ಇದನ್ನು ಗಮನಿಸಬೇಕು. ಸ್ಯಾಂಪಲ್ ಬಫರ್ ಹಾಕಿದ ಕೂಡಲೇ ನೀಲಿ ಬಣ್ಣ ಹಳದಿಗೆ ತಿರುಗಿತೇ? ಸ್ಯಾಂಪಲ್‌ನಲ್ಲಿ ಆಮ್ಲ ಉಳಿದಿದೆ. ನೀಲಿ ಮರಳುವವರೆಗೆ ಚೂರುಚೂರೇ ಟ್ರಿಸ್ ಸೇರಿಸಿ.

ರನ್ನಿಂಗ್ ಬಫರ್ ಬಗ್ಗೆ ಹೇಳಬೇಕಾದ್ದು ಒಂದೇ. 25 ಮಿಲಿಮೋಲಾರ್ ಟ್ರಿಸ್, 192 ಮಿಲಿಮೋಲಾರ್ ಗ್ಲೈಸಿನ್, 0.1 ಶೇಕಡಾ ಎಸ್‌ಡಿಎಸ್ ಸರಿಯಾಗಿ ತೂಗಿ ಹಾಕಿದರೆ ಪಿಎಚ್ ತಾನಾಗಿ 8.3ರ ಹತ್ತಿರ ಬರುತ್ತದೆ. ಅದಕ್ಕೆ ಹೈಡ್ರೋಕ್ಲೋರಿಕ್ ಆಮ್ಲ ಹಾಕಿ ಪಿಎಚ್ "ಸರಿ" ಮಾಡಬೇಡಿ. 1970ರಲ್ಲಿ ಲೆಮ್ಲಿ ಬರೆದ ಈ ಪದ್ಧತಿ ನಿಂತಿರುವುದೇ ಮುಂದೆ ಓಡುವ ಕ್ಲೋರೈಡ್, ಹಿಂದೆ ಬರುವ ಗ್ಲೈಸಿನ್ ಇವೆರಡರ ನಡುವಿನ ಅಂತರದ ಮೇಲೆ. ಮೇಲಿನ ತೊಟ್ಟಿಗೂ ಕ್ಲೋರೈಡ್ ಸುರಿದರೆ ಬ್ಯಾಂಡ್‌ಗಳು ಬಿಗಿಯಾಗುವುದೇ ಇಲ್ಲ.

ಮಾರ್ಕರ್ ಚೆನ್ನಾಗಿದ್ದು ಎಲ್ಯೂಷನ್ ಮಾತ್ರ ಖಾಲಿ ಇದ್ದರೆ ಪ್ರಮಾಣ ನೆನಪಿಸಿಕೊಳ್ಳಿ. ಸಾಮಾನ್ಯ ಕೂಮಾಸಿ ಬಣ್ಣಕ್ಕೆ ಒಂದು ಬ್ಯಾಂಡ್‌ನಲ್ಲಿ ಸುಮಾರು 0.1 ಮೈಕ್ರೋಗ್ರಾಂ ಆದರೂ ಬೇಕು. ಸಿಲ್ವರ್ ಸ್ಟೇನ್‌ಗೆ ಕೆಲವು ನ್ಯಾನೋಗ್ರಾಂ ಸಾಕು. ನಿಮ್ಮ ಎಲ್ಯೂಷನ್ ತೆಳುವಾಗಿರಬಹುದು, ಅಷ್ಟೇ.

ಐಪಿಟಿಜಿ ಹಾಕಿದರೂ ಹೊಸ ಬ್ಯಾಂಡ್ ಬಂದಿಲ್ಲ

ಎರಡನೇ, ಮೂರನೇ ಲೇನ್ ಅಕ್ಕಪಕ್ಕ ನೋಡಿ. ಮೂರನೆಯದರಲ್ಲಿ ದಪ್ಪ ಬ್ಯಾಂಡ್ ಹೊಸದಾಗಿ ಬಂದಿರಬೇಕು. ಎಲ್ಲಿ ಹುಡುಕಬೇಕು ಎಂಬ ಲೆಕ್ಕ ಸುಲಭ: ಅಮೈನೋ ಆಮ್ಲಗಳ ಸಂಖ್ಯೆಯನ್ನು 110ರಿಂದ ಗುಣಿಸಿ. 300 ಇದ್ದರೆ ಸುಮಾರು 33 ಕಿಲೋಡಾಲ್ಟನ್. ಟ್ಯಾಗ್ ಸೇರಿಸಲು ಮರೆಯಬೇಡಿ.

ಬ್ಯಾಂಡ್ ಇಲ್ಲವೇ? ಮೊದಲು ಕಲ್ಚರ್‌ನ ರಾತ್ರಿ ಹೇಗೆ ಕಳೆಯಿತು ಅಂತ ವಿಚಾರಿಸಿ. ನಮ್ಮ ಕಟ್ಟಡದಲ್ಲಿ ಇದಕ್ಕೆ ಅಟೆಂಡರ್ ಕಾಕಾ ಅವರೇ ಆಧಾರ. "ಕಾಕಾ, ರಾತ್ರಿ ಕರೆಂಟ್ ಹೋಗಿತ್ತೇನ್ರೀ?" ಅಂತ ಕೇಳಿದರೆ ವಾಚ್‌ಮನ್‌ನಿಂದ ತಿಳಿದುಕೊಂಡು ಹೊತ್ತು ಸಮೇತ ಹೇಳುತ್ತಾರೆ. ಕರೆಂಟ್ ಹೋದದ್ದಕ್ಕಿಂತ ಬಂದ ಮೇಲೆ ಆಗುವುದು ಜಾಸ್ತಿ ಕೆಟ್ಟದ್ದು. ಕೆಲವು ಶೇಕರ್‌ಗಳು ಕರೆಂಟ್ ಮರಳಿದರೂ ತಾವಾಗಿ ತಿರುಗುವುದಿಲ್ಲ, ಯಾರಾದರೂ ಬಟನ್ ಒತ್ತುವವರೆಗೆ ಸುಮ್ಮನೆ ನಿಲ್ಲುತ್ತವೆ. ಬೆಳಿಗ್ಗೆ ಬಂದು ನೋಡಿದರೆ ಫ್ಲಾಸ್ಕ್‌ನ ತಳದಲ್ಲಿ ಕೋಶಗಳು ಕೆನೆಯಂತೆ ಕೂತಿರುತ್ತವೆ. ಗಾಳಿ ಇಲ್ಲದ ಇ. ಕೋಲೈ ಸಾಯುವುದಿಲ್ಲ, ಆದರೆ ನಿಮಗೆ ಬೇಕಾದ ಕೆಲಸವನ್ನೂ ಮಾಡುವುದಿಲ್ಲ. ಮಷೀನ್‌ನ ಸೆಟ್ಟಿಂಗ್‌ನಲ್ಲಿ ಆಟೋ ರೀಸ್ಟಾರ್ಟ್ ಇದೆಯಾ ನೋಡಿ. ಇಲ್ಲದಿದ್ದರೆ ಇಂಡಕ್ಷನ್ ಹಗಲಿಗೆ ಇಟ್ಟುಕೊಳ್ಳಿ.

ಎರಡನೇ ಅನುಮಾನ ಆ್ಯಂಪಿಸಿಲಿನ್. ಪ್ಲಾಸ್ಮಿಡ್ (ನಿಮ್ಮ ಜೀನ್ ಹೊತ್ತ ಡಿಎನ್‌ಎ ಉಂಗುರ) ಇರುವ ಕೋಶಗಳು ಆ್ಯಂಪಿಸಿಲಿನನ್ನು ಒಡೆಯುವ ಕಿಣ್ವವನ್ನು ಹೊರಗೂ ಬಿಡುತ್ತವೆ. ರಾತ್ರಿಯಿಡೀ ಬೆಳೆದ ಕಲ್ಚರ್‌ನಲ್ಲಿ ಔಷಧಿ ಮುಗಿದು, ಪ್ಲಾಸ್ಮಿಡ್ ಇಲ್ಲದ ಕೋಶಗಳು ಸೊಂಪಾಗಿ ಬೆಳೆಯುತ್ತವೆ. ಓಡಿ ಚೆನ್ನಾಗಿದೆ, ಬ್ಯಾಂಡ್ ಇಲ್ಲ! ಕಾರ್ಬೆನಿಸಿಲಿನ್ ಇದಕ್ಕಿಂತ ಗಟ್ಟಿ. ಅದು ಇಲ್ಲದಿದ್ದರೆ ಹಳೇ ಪ್ಲೇಟ್ ಬಿಟ್ಟು ಹೊಸದಾಗಿ ಟ್ರಾನ್ಸ್‌ಫಾರ್ಮ್ ಮಾಡಿದ ಕಾಲನಿಯಿಂದ ಶುರು ಮಾಡಿ.

ಸ್ಟ್ರೈನ್ ಕೂಡ ನೋಡಿ. ಟಿ7 ಪ್ರಮೋಟರ್ ಇರುವ ಪ್ಲಾಸ್ಮಿಡ್‌ಗೆ ಬಿಎಲ್21 ಡಿಇ3 ಥರದ ಸ್ಟ್ರೈನ್ ಬೇಕು, ಟಿ7 ಪಾಲಿಮರೇಸ್ ಇರುವುದು ಅದರಲ್ಲಿ. ಡಿಎನ್‌ಎ ಬೆಳೆಸುವ ಡಿಎಚ್5-ಆಲ್ಫಾದಲ್ಲಿ ಎಷ್ಟು ಐಪಿಟಿಜಿ ಸುರಿದರೂ ಏನೂ ಬರುವುದಿಲ್ಲ. ಗ್ಲಿಸರಾಲ್ ಸ್ಟಾಕ್‌ಗಳು ಪಕ್ಕಪಕ್ಕದಲ್ಲೇ ಇರುತ್ತವೆ ನೋಡಿ, ಅದಲು ಬದಲು ಆಗುವುದು ಕಷ್ಟವೇನಲ್ಲ.

ಬ್ಯಾಂಡ್ ಪೆಲೆಟ್‌ನಲ್ಲೇ ಕೂತಿದೆ

ನನ್ನ ಮಟ್ಟಿಗೆ ಹೆಚ್ಚು ಜನ ಸಿಕ್ಕಿಹಾಕಿಕೊಳ್ಳುವುದು ಇಲ್ಲೇ. ಪೆಲೆಟ್‌ನಲ್ಲಿ ಬ್ಯಾಂಡ್ ಕಂಡ ತಕ್ಷಣ "ಇನ್‌ಕ್ಲೂಷನ್ ಬಾಡಿ" (ಕೋಶದೊಳಗೆ ಕರಗದೆ ಗಂಟಾದ ಪ್ರೊಟೀನ್) ಎಂದು ಬರೆದು ಮುಗಿಸಬೇಡಿ. ಎರಡು ಬೇರೆ ಬೇರೆ ಕಾಯಿಲೆಗಳು ಇಲ್ಲಿ ಒಂದೇ ಥರ ಕಾಣುತ್ತವೆ. ಒಂದು, ಕೋಶ ಒಡೆದೇ ಇಲ್ಲ. ಇನ್ನೊಂದು, ಕೋಶ ಒಡೆದಿದೆ, ಪ್ರೊಟೀನ್ ಗಂಟಾಗಿದೆ.

ಬಿಡಿಸಿ ನೋಡುವುದು ಹೀಗೆ. ಸೂಪರ್ನೇಟಂಟ್ ಲೇನ್‌ನಲ್ಲಿ ಇ. ಕೋಲೈಯ ಉಳಿದ ನೂರಾರು ಬ್ಯಾಂಡ್‌ಗಳು ಗಾಢವಾಗಿ ಇವೆಯೇ? ಇದ್ದರೆ ಕೋಶ ಒಡೆದಿದೆ, ನಿಮ್ಮ ಪ್ರೊಟೀನ್ ಮಾತ್ರ ಕರಗಿಲ್ಲ. ಆ ಲೇನ್ ಪೂರ್ತಿ ಮಂಕಾಗಿದ್ದು ಪೆಲೆಟ್‌ನಲ್ಲೇ ಎಲ್ಲವೂ ಇದ್ದರೆ ಕೋಶ ಒಡೆದಿಲ್ಲ. ಸೋನಿಕೇಟರ್ ಕಡೆ ನೋಡಿ. ತುದಿ ದ್ರವದ ಮೇಲ್ಮಟ್ಟಕ್ಕೆ ಹತ್ತಿರ ಇದ್ದರೆ ನೊರೆ ಏಳುತ್ತದೆ. ನೊರೆಯಲ್ಲಿ ಪ್ರೊಟೀನ್ ಕೆಡುತ್ತದೆ, ಕೋಶ ಒಡೆಯುವುದಿಲ್ಲ. ಟ್ಯೂಬ್ ಮಂಜುಗಡ್ಡೆಯಲ್ಲಿ ಇರಲಿ, 10 ಸೆಕೆಂಡ್ ನಡೆಸಿ 30 ಸೆಕೆಂಡ್ ಬಿಡಿ. ಹಾಲಿನಂಥ ಬಿಳುಪು ಹೋಗಿ ದ್ರವ ಅರೆ ತಿಳಿಯಾಗಬೇಕು. ಲೋಳೆಯಂತೆ ಎಳೆ ಬಂದರೆ ಅದು ಡಿಎನ್‌ಎ, ಇನ್ನಷ್ಟು ಸೋನಿಕೇಟ್ ಮಾಡಿ ಅಥವಾ ಡಿಎನ್‌ಏಸ್ ಹಾಕಿ.

ಸೆಂಟ್ರಿಫ್ಯೂಜ್‌ನಲ್ಲಿ ಆರ್‌ಪಿಎಂ (ನಿಮಿಷಕ್ಕೆ ಸುತ್ತು) ಬೇರೆ, ಜಿ (ಗುರುತ್ವದ ಎಷ್ಟು ಪಟ್ಟು ಬಲ) ಬೇರೆ. 8 ಸೆಂಟಿಮೀಟರ್ ತ್ರಿಜ್ಯದ ರೋಟರ್‌ನಲ್ಲಿ 10,000 ಆರ್‌ಪಿಎಂ ಎಂದರೆ ಸುಮಾರು 9,000 ಜಿ ಮಾತ್ರ. ಪುಸ್ತಕದಲ್ಲಿ 15,000 ಜಿ ಎಂದಿದ್ದರೆ ನೀವು ಕಡಿಮೆ ತಿರುಗಿಸಿದ್ದೀರಿ. ಆಗ ಗಂಟುಗಳು ಸೂಪರ್ನೇಟಂಟ್‌ನಲ್ಲೇ ತೇಲಿ, ಪ್ರೊಟೀನ್ ಕರಗಿದಂತೆ ಕಾಣಿಸಿ, ಕಾಲಂನ ಬಾಯಿ ಕಟ್ಟುತ್ತವೆ.

ಗಂಟು ಕಟ್ಟುವುದು ನಿಜವಾಗಿದ್ದರೆ ಮದ್ದು ನಿಧಾನ. 37 ಡಿಗ್ರಿಯಲ್ಲಿ 1 ಮಿಲಿಮೋಲಾರ್ ಐಪಿಟಿಜಿ ಕೊಟ್ಟರೆ ಕೋಶ ಅವಸರದಲ್ಲಿ ಪ್ರೊಟೀನ್ ಹೆಣೆಯುತ್ತದೆ, ಮಡಿಸಲು ಪುರುಸೊತ್ತು ಸಿಗುವುದಿಲ್ಲ. ಓಡಿ 0.6 ಮುಟ್ಟಿದಾಗ ಫ್ಲಾಸ್ಕನ್ನು ತಣಿಸಿ, ಐಪಿಟಿಜಿಯನ್ನು 0.1-0.5 ಮಿಲಿಮೋಲಾರ್‌ಗೆ ಇಳಿಸಿ, 18 ಡಿಗ್ರಿಯಲ್ಲಿ ರಾತ್ರಿಯಿಡೀ ಬಿಡಿ.

ಇಲ್ಲೊಂದು ನಮ್ಮೂರ ತೊಡಕು ಇದೆ. ತಣಿಸುವ ಕಂಪ್ರೆಸರ್ ಇಲ್ಲದ ಶೇಕರ್ ಕೋಣೆಯ ಬಿಸಿಗಿಂತ ಕೆಳಗೆ ಹೋಗಲಾರದು. ಏಪ್ರಿಲ್-ಮೇನಲ್ಲಿ 18ಕ್ಕೆ ಸೆಟ್ ಮಾಡಿ ಹೋದರೆ ಒಳಗೆ 30ರ ಮೇಲೇ ಇರುತ್ತದೆ. ಮೋಟರ್‌ನ ಬಿಸಿಯೂ ಸೇರಿಕೊಳ್ಳುತ್ತದೆ. ಹುಡುಗರು ನೋಟ್‌ಬುಕ್‌ನಲ್ಲಿ 18 ಎಂದೇ ಬರೆಯುತ್ತಾರೆ, ಏಕೆಂದರೆ ಒತ್ತಿದ್ದು ಅದನ್ನೇ. ನೀರು ತುಂಬಿದ ಫ್ಲಾಸ್ಕ್‌ನಲ್ಲಿ ಥರ್ಮಾಮೀಟರ್ ಇಟ್ಟು ಶೇಕರ್ ಒಳಗೆ ಬಿಟ್ಟು ನೋಡಿ. ಡಿಸೆಂಬರ್‌ನಲ್ಲಿ ಕರಗಿದ ಪ್ರೊಟೀನ್ ಯುಗಾದಿಯ ಹೊತ್ತಿಗೆ ಪೆಲೆಟ್‌ಗೆ ಹೋಗಿದೆ ಅನ್ನುವ ದೂರಿನ ಬೇರು ಹಲವು ಸಲ ಇದೇ. ಪ್ಲಾಸ್ಮಿಡ್‌ನಲ್ಲಿ ಮ್ಯುಟೇಷನ್ ಆಗಿದೆಯೇನೋ ಎಂದು ಸೀಕ್ವೆನ್ಸಿಂಗ್‌ಗೆ ಕಳಿಸುವ ಮುನ್ನ ಆ ಥರ್ಮಾಮೀಟರ್ ಹುಡುಕಿ.

ಪಿಎಚ್‌ನದೂ ಅದೇ ಕಥೆ. ಟ್ರಿಸ್ ಬಫರ್‌ನ ಪಿಎಚ್ ಒಂದು ಡಿಗ್ರಿ ತಣಿದರೆ ಸುಮಾರು 0.028 ಏರುತ್ತದೆ. 35 ಡಿಗ್ರಿ ಬಿಸಿಯ ಬೆಂಚಿನ ಮೇಲೆ 8.0ಕ್ಕೆ ಹೊಂದಿಸಿದ ಬಫರ್ ಕೋಲ್ಡ್ ರೂಮಿನ 4 ಡಿಗ್ರಿಯಲ್ಲಿ 8.9ರ ಹತ್ತಿರ ನಿಲ್ಲುತ್ತದೆ. ನಿಮ್ಮ ಪ್ರೊಟೀನಿನ ಪಿಐ (ಅದರ ಒಟ್ಟು ವಿದ್ಯುದಾವೇಶ ಸೊನ್ನೆಯಾಗುವ ಪಿಎಚ್) ಆಸುಪಾಸಿನಲ್ಲೇ ಇದ್ದರೆ ಅದು ಅಲ್ಲೇ ಕೂರುತ್ತದೆ. ಬಳಸುವ ಬಿಸಿಯಲ್ಲೇ ಪಿಎಚ್ ಹೊಂದಿಸಿ.

ಇಷ್ಟಾದರೂ ಕರಗದಿದ್ದರೆ 8 ಮೋಲಾರ್ ಯೂರಿಯಾದಲ್ಲಿ ಬಿಚ್ಚಿ ಹಿಡಿದು, ಆಮೇಲೆ ಮೆಲ್ಲಗೆ ಮಡಿಸುವ ದಾರಿ ಇದೆ. ಯೂರಿಯಾ ದ್ರಾವಣವನ್ನು ಬಿಸಿ ಮಾಡಬೇಡಿ, ಹಳೆಯದನ್ನು ಬಳಸಬೇಡಿ. ಅದರಿಂದ ಹುಟ್ಟುವ ಸಯನೇಟ್ ಪ್ರೊಟೀನಿಗೆ ಅಂಟಿಕೊಳ್ಳುತ್ತದೆ.

ಫ್ಲೋ-ಥ್ರೂನಲ್ಲಿ ಹೊರಟು ಹೋಗಿದೆ

ಸೂಪರ್ನೇಟಂಟ್‌ನಲ್ಲಿ ಇದೆ, ಫ್ಲೋ-ಥ್ರೂನಲ್ಲೂ ಅಷ್ಟೇ ಇದೆ. ಅಂದರೆ ರೆಸಿನ್ ಹಿಡಿದಿಲ್ಲ. ಈಗ ರೆಸಿನ್‌ನ ಬಣ್ಣ ನೋಡಬಹುದು. ತಿಳಿ ನೀಲಿ ಇದ್ದರೆ ನಿಕಲ್ ಇದೆ. ಬಿಳಿಯಾಗಿದ್ದರೆ ನಿಕಲ್ ಕಳಚಿದೆ, ಲೈಸಿಸ್ ಬಫರ್‌ನಲ್ಲಿ (ಕೋಶ ಒಡೆಯುವ ದ್ರಾವಣ) ಲೋಹವನ್ನು ಎಳೆದುಕೊಳ್ಳುವ ಇಡಿಟಿಎ ಇತ್ತು ಎಂದೇ ಲೆಕ್ಕ. ಪ್ರೋಟಿಯೇಸ್ (ಪ್ರೊಟೀನ್ ಕಡಿಯುವ ಕಿಣ್ವ) ತಡೆಯುವ ಮಾತ್ರೆಗಳಲ್ಲಿ ಎಷ್ಟೋ ಬಗೆಯವು ಇಡಿಟಿಎ ಸೇರಿಸಿಯೇ ಬರುತ್ತವೆ, ಡಬ್ಬಿಯ ಮೇಲೆ ಓದಿ. ಕಂದು ಬಣ್ಣವಾದರೆ ಡಿಟಿಟಿ ನಿಕಲನ್ನು ಕೆಡಿಸಿದೆ. ಎರಡಕ್ಕೂ ಪರಿಹಾರ ಒಂದೇ: ಇಡಿಟಿಎಯಿಂದ ಪೂರ್ತಿ ತೊಳೆದು, ನೀರಿನಿಂದ ತೊಳೆದು, ನಿಕಲ್ ಸಲ್ಫೇಟ್ ಮತ್ತೆ ತುಂಬಿಸಿ. ಹೊಸ ರೆಸಿನ್ ಬೇಕಾಗುವುದು ಅಪರೂಪ. ಆ ತೊಳೆದ ನೀರನ್ನು ಸಿಂಕಿಗೆ ಬಿಡಬೇಡಿ, ನಿಕಲ್ ತ್ಯಾಜ್ಯದ ಕ್ಯಾನ್‌ಗೆ ಹಾಕಿ.

ರೆಸಿನ್ ನೀಲಿಯೇ ಇದ್ದರೆ ಬಫರ್‌ನ ಪಿಎಚ್ ನೋಡಿ. ಹಿಸ್ಟಿಡಿನ್ ನಿಕಲ್‌ಗೆ ಅಂಟಬೇಕಾದರೆ ಅದರ ಮೇಲೆ ಪ್ರೋಟಾನ್ ಇರಬಾರದು. ಪಿಎಚ್ 6ರ ಹತ್ತಿರ ಇಳಿದರೆ ಹಿಡಿತ ಸಡಿಲುತ್ತದೆ, 8 ಇರಲಿ. ಬೈಂಡಿಂಗ್ ಬಫರ್‌ನಲ್ಲಿ ಇಮಿಡಜೋಲ್ (ಟ್ಯಾಗ್ ಬದಲು ತಾನೇ ನಿಕಲ್‌ಗೆ ಅಂಟಿ ಪ್ರೊಟೀನ್ ಬಿಡಿಸುವ ರಾಸಾಯನಿಕ) 10-20 ಮಿಲಿಮೋಲಾರ್ ಸಾಕು. ಬಾಟಲಿ ಅದಲು ಬದಲಾಗಿ 250ರದ್ದು ಹೋಗಿದ್ದರೆ ಏನೂ ಅಂಟುವುದಿಲ್ಲ. ಇದೂ ಅಲ್ಲ ಎಂದಾದರೆ ಟ್ಯಾಗ್ ಪ್ರೊಟೀನಿನ ಮಡಿಕೆಯೊಳಗೆ ಹುದುಗಿರಬಹುದು. ಸ್ವಲ್ಪ ಲೈಸೇಟನ್ನು 8 ಮೋಲಾರ್ ಯೂರಿಯಾದಲ್ಲಿ ಬಿಚ್ಚಿ ರೆಸಿನ್‌ಗೆ ಹಾಕಿ ನೋಡಿ. ಆಗ ಅಂಟಿದರೆ ಟ್ಯಾಗನ್ನು ಇನ್ನೊಂದು ತುದಿಗೆ ಸರಿಸಬೇಕು. ಆಗಲೂ ಅಂಟದಿದ್ದರೆ ಟ್ಯಾಗೇ ಇಲ್ಲ, ಪ್ರೈಮರ್‌ನಲ್ಲಿ ಸ್ಟಾಪ್ ಕೋಡಾನ್ ಎಲ್ಲಿದೆ ನೋಡಿ.

ಕೊನೆಯ ಲೇನ್‌ನಲ್ಲಿ, ಅಂದರೆ ಕುದಿಸಿದ ರೆಸಿನ್‌ನಲ್ಲಿ, ಬ್ಯಾಂಡ್ ಇದ್ದರೆ ಹಿಡಿದದ್ದು ಬಿಟ್ಟಿಲ್ಲ. ಇಮಿಡಜೋಲ್ 500ಕ್ಕೆ ಏರಿಸಿ. ಉಪ್ಪು ಹೆಚ್ಚಿಸಿಯೂ ನೋಡಬಹುದು.

ಬ್ಯಾಂಡ್ ಇದೆ, ಆದರೆ ನಿಮ್ಮದಲ್ಲ

ನಮ್ಮಲ್ಲಿ ಮೊದಲ ಒಳ್ಳೆಯ ಬ್ಯಾಂಡ್‌ಗೆ ಲೈನ್ ಬಜಾರದಿಂದ ಪೇಢಾ ತರುವ ರೂಢಿ. ಲೈಸೋಜೈಮ್‌ಗೆ ಪೇಢಾ ಹಂಚಿದ ಉದಾಹರಣೆಯೂ ಇದೆ. ಕೋಶ ಒಡೆಯಲು ನೀವೇ ಹಾಕಿದ ಲೈಸೋಜೈಮ್ 14 ಕಿಲೋಡಾಲ್ಟನ್ ಬಳಿ ಕಾಣಿಸುತ್ತದೆ. ಇ. ಕೋಲೈಯದೇ ಸ್ಲೈಡಿ ಎಂಬ ಪ್ರೊಟೀನಿನ ಬಾಲದಲ್ಲಿ ಹಿಸ್ಟಿಡಿನ್ ಜಾಸ್ತಿ, ಅದು 25ರ ಸುಮಾರಿಗೆ ಬರುತ್ತದೆ. ಆರ್ನ್‌ಎ 75ರ ಹತ್ತಿರ. ನಿಮ್ಮ ಪ್ರೊಟೀನ್ ಕಡಿಮೆ ಇದ್ದಾಗ ಖಾಲಿ ಜಾಗಕ್ಕೆ ಇವು ಅಂಟುತ್ತವೆ. ರೆಸಿನ್ ಕಡಿಮೆ ಹಾಕಿದರೆ ಇವೂ ಕಡಿಮೆಯಾಗುತ್ತವೆ. ಎಲ್ಲ ಲೇನ್‌ನಲ್ಲೂ, ಖಾಲಿ ಲೇನ್‌ನಲ್ಲೂ 50ರಿಂದ 70ರ ನಡುವೆ ಮಂಕು ಗೆರೆ ಕಂಡರೆ ಅದು ಚರ್ಮದ, ಧೂಳಿನ ಕೆರಾಟಿನ್.

ನಿಮ್ಮ ಬ್ಯಾಂಡ್ ಕೆಳಗೆ ಏಣಿಯಂತೆ ತುಂಡುಗಳಿದ್ದರೆ ಪ್ರೋಟಿಯೇಸ್ ಕಡಿದಿದೆ. ಬೆಳಿಗ್ಗೆ ಬಫರ್‌ಗೆ ಪಿಎಂಎಸ್‌ಎಫ್ (ಪ್ರೋಟಿಯೇಸ್ ತಡೆಯುವ ರಾಸಾಯನಿಕ) ಹಾಕಿ ಮಧ್ಯಾಹ್ನ ಸೋನಿಕೇಟ್ ಮಾಡಿದರೆ ಪ್ರಯೋಜನವಿಲ್ಲ. 25 ಡಿಗ್ರಿಯ ನೀರಿನಲ್ಲಿ, ಪಿಎಚ್ 8ರಲ್ಲಿ, ಅದರ ಅರ್ಧ ಭಾಗ ಸುಮಾರು 35 ನಿಮಿಷಕ್ಕೇ ಹಾಳಾಗುತ್ತದೆ. ಐಸೊಪ್ರೊಪನಾಲ್‌ನಲ್ಲಿ ಸ್ಟಾಕ್ ಇಟ್ಟು, ಒಡೆಯುವ ಕ್ಷಣಕ್ಕೆ ಹಾಕಿ.

ಕಾಳಿನಿಂದ ತೆಗೆಯುವವರಿಗೆ

ಇ. ಕೋಲೈ ಬಿಟ್ಟು ಹುರಳಿ, ಕುಸುಬೆ, ಶೇಂಗಾದಿಂದ ನೇರವಾಗಿ ಪ್ರೊಟೀನ್ ತೆಗೆಯುವವರ ಕಷ್ಟ ಬೇರೆ. ಎಣ್ಣೆಕಾಳಿನ ಹಿಟ್ಟಿಗೆ ಮೊದಲು ಹೆಕ್ಸೇನ್ ಅಥವಾ ತಣ್ಣನೆ ಅಸಿಟೋನ್‌ನಲ್ಲಿ ಕೊಬ್ಬು ತೆಗೆಯದಿದ್ದರೆ ಬ್ಯಾಂಡ್ ಬದಲು ಮಸುಕು ಕಾಣುತ್ತದೆ. ಸಾರ ಕಂದಾದರೆ ಪಾಲಿಫಿನಾಲ್ ಅಂಟಿದೆ, ಅದನ್ನು ಹೀರುವ ಪಿವಿಪಿಪಿ ಪುಡಿ ಸೇರಿಸಿ ಅರೆಯಿರಿ. ಹುರಳಿಯ ಟ್ರಿಪ್ಸಿನ್ ಇನ್‌ಹಿಬಿಟರ್ ಇನ್ನೂ ಚೇಷ್ಟೆಯದು. ಒಂಟಿಯಾಗಿ 8-9 ಕಿಲೋಡಾಲ್ಟನ್, ಆದರೆ ಜೋಡಿಯಾಗಿ ಇರುವ ಗುಣ ಇರುವುದರಿಂದ ಎಸ್‌ಡಿಎಸ್ ಜೆಲ್‌ನಲ್ಲೂ 16ರ ಹತ್ತಿರ ಕಾಣಿಸಬಹುದು. ಇಂಥ ಸಣ್ಣವನ್ನು 10 ಶೇಕಡಾ ಜೆಲ್‌ನಲ್ಲಿ ಹುಡುಕಬೇಡಿ, ಕೆಳಗಿನಿಂದ ಹೊರಟೇ ಹೋಗುತ್ತವೆ. 15 ಶೇಕಡಾ ಅಥವಾ ಟ್ರೈಸಿನ್ ಜೆಲ್ ಹಾಕಿ. ಬಣ್ಣ ಬಿಡಿಸುವುದನ್ನೂ ಅತಿ ಮಾಡಬೇಡಿ.

ಸಿಕ್ಕ ಮೇಲೆ ಕಳೆದರೆ

ಎಲ್ಯೂಷನ್ ಚೆನ್ನಾಗಿತ್ತು, ಮಾರನೇ ದಿನ ಟ್ಯೂಬಿನಲ್ಲಿ ಬಿಳಿ ಪದರ. ಇಮಿಡಜೋಲ್ ಮತ್ತು ಉಪ್ಪನ್ನು ಒಮ್ಮೆಲೇ ತೆಗೆದಿದ್ದೀರಿ. ಡಯಾಲಿಸಿಸ್ ಹಂತ ಹಂತವಾಗಿ ಇಳಿಸಿ, 10 ಶೇಕಡಾ ಗ್ಲಿಸರಾಲ್ ಇರಲಿ. 280 ನ್ಯಾನೋಮೀಟರ್‌ನಲ್ಲಿ ಅಳೆಯುವಾಗ ಎಲ್ಯೂಷನ್ ಬಫರನ್ನೇ ಬ್ಲ್ಯಾಂಕ್ ಇಡಿ, ಇಮಿಡಜೋಲ್ ಕೂಡ ಅಲ್ಲಿ ಬೆಳಕು ಹೀರುತ್ತದೆ. ಬಣ್ಣದಿಂದ ಪ್ರೊಟೀನ್ ಅಳೆಯುವ ಬ್ರಾಡ್‌ಫರ್ಡ್ ಪರೀಕ್ಷೆಗೆ ಎಸ್‌ಡಿಎಸ್ ತಾಗಿದ ಟ್ಯೂಬ್ ಬೇಡ.

ಡೀಪ್ ಫ್ರೀಜರ್‌ನದೂ ಒಂದು ಪರೀಕ್ಷೆ ಮಾಡಿಟ್ಟುಕೊಳ್ಳಿ. ಸಣ್ಣ ಡಬ್ಬಿಯಲ್ಲಿ ನೀರು ಹೆಪ್ಪುಗಟ್ಟಿಸಿ ಮೇಲೆ ಒಂದು ರೂಪಾಯಿ ನಾಣ್ಯ ಇಡಿ. ದೀಪಾವಳಿ ರಜೆ ಮುಗಿಸಿ ಬಂದಾಗ ನಾಣ್ಯ ತಳದಲ್ಲಿದ್ದರೆ ನಡುವೆ ಕರಗಿ ಮತ್ತೆ ಗಟ್ಟಿಯಾಗಿದೆ, ಒಳಗಿನ ಕಿಣ್ವಗಳ ಚಟುವಟಿಕೆ ಮತ್ತೆ ಅಳೆಯದೆ ಬಳಸಬೇಡಿ. ಪ್ರೊಟೀನನ್ನು ಒಂದೇ ದೊಡ್ಡ ಟ್ಯೂಬಿನಲ್ಲಿ ಇಡದೆ 50 ಮೈಕ್ರೋಲೀಟರ್‌ನಂತೆ ಹಂಚಿ. ಟ್ಯೂಬಿನ ಮೇಲೆ ಪೆನ್ನಿನಲ್ಲಿ ಬರೆದದ್ದು ಎಥನಾಲ್ ತಾಗಿದರೆ ಅಳಿಸುತ್ತದೆ. ಹೆಸರು, ತಾರೀಕು, ಬಫರ್ ಇಷ್ಟನ್ನು ಪೇಪರ್ ಟೇಪಿನ ಮೇಲೆ ಪೆನ್ಸಿಲ್‌ನಲ್ಲಿ ಬರೆದು, ಫ್ರೀಜರ್‌ಗೆ ಇಡುವ ಮುನ್ನವೇ ಸುತ್ತಿ ಅಂಟಿಸಿ.